ಬೇಳೆ ಬೇಯದ ನೀರು

“ನಿನ್ನ ಬೇಳೆ ಇಲ್ಲಿ ಬೇಯುವುದಿಲ್ಲ” ಎಂದು ನಾವು ಎದುರಾಳಿಯನ್ನು ಮೂದಲಿಸುವುದುಂಟು. ಬಂಗಾರಪೇಟೆಯ ಕಡೆಯ ಗೃಹಿಣಿಗೆ ಇದು ಬರಿಯ ನುಡಿಗಟ್ಟಲ್ಲ. ಕೊಳವೆಬಾವಿಯ ಗಡುಸು ನೀರಿನಲ್ಲಿ ತೊಗರಿಬೇಳೆ ಎಷ್ಟು ಕುದಿದರೂ ಕರಗದು, ಸಾಬೂನು ನೊರೆಯಾಗದು, ಹಂಡೆಯ ಒಳಗೆ ಬಿಳಿಯ ಹಕ್ಕಳೆ ಕಟ್ಟುವುದು.

ನಿತ್ಯ ಹರಿಯುವ ಹೊಳೆ ಈ ಸೀಮೆಗಿಲ್ಲ. ಗಣಿ ನಡೆಯುತ್ತಿದ್ದ ಕಾಲದಲ್ಲಿ ಚಿನ್ನದ ಊರಿಗೆ ಬೇತಮಂಗಲದಲ್ಲಿ ತಡೆದ ಪಾಲಾರಿನ ನೀರು ಬರುತ್ತಿತ್ತು. ಮಳೆ ತಪ್ಪಿ ಕೆರೆ ಬತ್ತಿದಾಗ ಜನ ನೆಲದಾಳದ ನೀರಿಗೆ ಕೈಯೊಡ್ಡಬೇಕು. ಬಂಡೆಯ ಬಿರುಕುಗಳಲ್ಲಿ ಬಹುಕಾಲ ತಂಗಿದ ಆ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡೇ ಮೇಲೆ ಬರುತ್ತದೆ.

ಬೇಳೆ ಏಕೆ ಬೇಯದು? ಅದರ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಎಂಬ ವಸ್ತು ನೀರಿನ ಕ್ಯಾಲ್ಸಿಯಮ್ಮನ್ನು ಬಿಗಿಯಾಗಿ ಹಿಡಿದು ತಾನೂ ಗಟ್ಟಿಯಾಗುವುದರಿಂದ. ಅಡುಗೆಮನೆಯ ಈ ಶತ್ರುವೇ ಮಿತ್ರನಾಗಬಲ್ಲನೆಂಬುದು ವಿಜ್ಞಾನದ ಸೊಗಸು. ಮಾವಿನ ಸಿಪ್ಪೆಯಲ್ಲಿ, ಕಿತ್ತಳೆಯ ಸಿಪ್ಪೆಯಲ್ಲಿ ಪೆಕ್ಟಿನ್ ಹೇರಳ. ಮಾವಿಗೆ ಹೆಸರಾದ ಶ್ರೀನಿವಾಸಪುರವೋ ನಮ್ಮ ಜಿಲ್ಲೆಯದೇ. ಸಿಪ್ಪೆಯನ್ನು ಬಣ್ಣ ಬಿಡದಂತೆ ತೊಳೆದು, ಒಣಗಿಸಿ, ಪುಡಿಮಾಡಿ, ಪೆಕ್ಟಿನ್ ಕರಗಿಹೋಗದಂತೆ ರಾಸಾಯನಿಕವಾಗಿ ಬಿಗಿದು, ಸೋಡದ ದ್ರಾವಣದಲ್ಲಿ ನೆನೆಸಿದರೆ ಅದರ ಆಮ್ಲದ ತಾಣಗಳಲ್ಲಿ ಸೋಡಿಯಂ ನೆಲೆಸುತ್ತದೆ. ಗಡುಸು ನೀರು ಅದರ ಮೂಲಕ ಇಳಿಯುವಾಗ ಸೋಡಿಯಂ ಎದ್ದು ಕ್ಯಾಲ್ಸಿಯಮ್ಮಿಗೆ ಜಾಗ ಬಿಡುತ್ತದೆ, ನೀರು ಮೆದುವಾಗುತ್ತದೆ. ಇಂಗ್ಲೆಂಡಿನ ಆಡಮ್ಸ್ ಮತ್ತು ಹೋಮ್ಸ್ 1935ರಲ್ಲಿ ಪ್ರಕಟಿಸಿದ ಕೃತಕ ರಾಳಗಳು ನಡೆಸುವ ವಿನಿಮಯವೂ ಇದೇ ಬಗೆಯದು.

ಆದರೆ ಹಿಗ್ಗುವ ಮುನ್ನ ಎರಡು ಮಾತು ನೆನಪಿರಬೇಕು. ತಾಣಗಳೆಲ್ಲ ತುಂಬಿದ ಸಿಪ್ಪೆಯನ್ನು ಮತ್ತೆ ಬಳಸಲು ಆಮ್ಲದಿಂದಲೋ ಉಪ್ಪುನೀರಿನಿಂದಲೋ ತೊಳೆಯಬೇಕು. ಆ ಉಪ್ಪುನೀರನ್ನು ಹೊಲಕ್ಕೆ ಬಿಟ್ಟರೆ ನೆಲ ಸವುಳಾಗುತ್ತದೆ. ಇನ್ನು, ಕೋಲಾರ ಜಿಲ್ಲೆಯ ಅಂತರ್ಜಲದಲ್ಲಿ ಹಲವೆಡೆ ಫ್ಲೋರೈಡೂ ಉಂಟು. ಹಲ್ಲಿಗೆ ಕಂದು ಕಲೆಯನ್ನೂ ಮೂಳೆಗೆ ಬಾಧೆಯನ್ನೂ ತರುವ ಅದು ಈ ವಿನಿಮಯಕ್ಕೆ ಸಿಕ್ಕದೆ ನೀರಿನಲ್ಲೇ ಉಳಿಯುತ್ತದೆ. ಬೇಳೆ ಬೆಂದ ಮಾತ್ರಕ್ಕೆ ಅದು ಮಕ್ಕಳು ಕುಡಿಯುವ ನೀರಾಯಿತೆಂದು ನಂಬಬಾರದು. ಮೆದುವಾದುದೆಲ್ಲ ನಿರಪಾಯವಲ್ಲ.

2001ರಲ್ಲಿ ಮುಚ್ಚಿದ ಗಣಿ ಚಿನ್ನವನ್ನು ಕಳಿಸಿಕೊಟ್ಟು ಸಯನೈಡ್ ದಿಬ್ಬಗಳನ್ನು ನಮಗೆ ಉಳಿಸಿತು. ಬೇಕಾದುದನ್ನು ತೆಗೆದುಕೊಂಡು ಮಿಕ್ಕದ್ದನ್ನು ನೆಲಕ್ಕೆ ಬಿಡುವ ರೂಢಿ ಎಂಥದೆಂದು, ಅವನ್ನು ದಿನವೂ ನೋಡುವ ನಾವು ಬಲ್ಲೆವು. ‘ಕಸದಿಂದ ರಸ’ ಎಂದು ಯಾರಾದರೂ ಹೇಳಿದಾಗ, ರಸ ತೆಗೆದ ಮೇಲಿನ ಕಸವೆಲ್ಲಿಗೆ ಎಂದು ಕೇಳುವುದು ಈ ಊರಿನ ವಿದ್ಯಾರ್ಥಿಗಳ ಹಕ್ಕು, ಕರ್ತವ್ಯವೂ ಹೌದು.