ಮೇಣ ಬದಲಿಸೋ ಮುಂಚೆ

ಆಷಾಢದ ಸಂಜೆ. ಜೋರು ಗಾಳಿ, ಮಳೆ. ಎಲ್ಲೋ ಒಂದು ಕೊಂಬೆ ಮುರಿದು ತಂತಿ ಮೇಲೆ ಬಿತ್ತು. ಕರೆಂಟ್ ಹೋಯಿತು. ಸೊರಬದ ಕಡೆ, ಕುಪ್ಪಗಡ್ಡೆಯಂಥ ಊರುಗಳಲ್ಲಿ ಇದೇನು ಹೊಸದಲ್ಲ. ಈಗ ಚಾರ್ಜ್ ಲೈಟು, ಮೊಬೈಲು ಬಂದಿವೆ, ನಿಜ. ಎರಡು ದಿನ ಕರೆಂಟ್ ಬರದಿದ್ದರೆ ಅವೂ ಮಲಗುತ್ತವೆ. ಆಗ ಕೈ ಹುಡುಕೋದು ಮೇಣದ ಬತ್ತಿಯನ್ನೇ.

ಈ ಬತ್ತಿಯನ್ನು ಮನೆಯಲ್ಲೇ ಮಾಡಿ ಮಾರುವ ಹೆಂಗಸರಿದ್ದಾರೆ. ಅಲ್ಯೂಮಿನಿಯಂ ಅಚ್ಚು, ನೂಲು, ಮೇಣ, ಒಂದು ಒಲೆ. ಇಷ್ಟಿದ್ದರೆ ಕೆಲಸ ಶುರು. ಈಚೆಗೆ ಒಂದು ಮಾತು ಕಿವಿಗೆ ಬೀಳುತ್ತಿದೆ. "ಪ್ಯಾರಾಫಿನ್ ಬಿಡಿ. ಸೋಯಾ ಮೇಣ ಹಿಡಿಯಿರಿ. ಪೇಟೆಯಲ್ಲಿ ಒಳ್ಳೆ ರೇಟು ಸಿಗುತ್ತೆ." ಸಂಘದ ಸಾಲದ ಹಣ ಹಾಕೋ ಮುಂಚೆ ನಾವು ಸ್ವಲ್ಪ ಕೂತು ಯೋಚಿಸೋಣ.

ಪ್ಯಾರಾಫಿನ್ ಅಂದರೆ ಏನು? ಭೂಮಿಯೊಳಗಿಂದ ಕಚ್ಚಾ ಎಣ್ಣೆ ತೆಗೆಯುತ್ತಾರೆ. ಅದರಿಂದ ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ ಸಿಗುತ್ತವೆ. ಈ ಬಿಳಿ ಮೇಣವೂ ಅದರಿಂದಲೇ ಬರುತ್ತದೆ. ಅಸ್ಸಾಮಿನ ದಿಗ್ಬೋಯಿಯಲ್ಲಿ 1901ರಲ್ಲೇ ಎಣ್ಣೆ ಶುದ್ಧಿ ಮಾಡುವ ಕಾರ್ಖಾನೆ ಶುರುವಾಯಿತು. ಮೇಣಕ್ಕೂ ಅದು ಹೆಸರಾಯಿತು.

ಸೋಯಾ ಮೇಣ ಬೇರೆ. ಅದು ಸೋಯಾ ಅವರೆಯ ಎಣ್ಣೆಯಿಂದ ಆಗುವಂಥದ್ದು. ನಮ್ಮ ರಾಜ್ಯದಲ್ಲಿ ಬೀದರ್, ಬೆಳಗಾವಿ, ಧಾರವಾಡದ ಕಡೆ ಈ ಬೆಳೆ ಇದೆ. ಎಣ್ಣೆಗೆ ಜಲಜನಕ ಎಂಬ ಅನಿಲ ಸೇರಿಸಿ ಗಟ್ಟಿ ಮಾಡುತ್ತಾರೆ. ವನಸ್ಪತಿ ನೋಡಿದ್ದೀರಲ್ಲ? ಅದನ್ನು ಗಟ್ಟಿ ಮಾಡುವುದೂ ಹೀಗೇ. ಗಿಡಮರದ ಕೊಬ್ಬಿನಿಂದ ಬತ್ತಿ ಮಾಡೋದು ನಮ್ಮ ಘಟ್ಟಕ್ಕೆ ಹೊಸದೂ ಅಲ್ಲ. ಹಿಂದೆ ಧೂಪದ ಮರದ ಬೀಜದ ಕೊಬ್ಬಿನಿಂದ ಬತ್ತಿ ಮಾಡುತ್ತಿದ್ದರು. ಉಪ್ಪಾಗೆ ತುಪ್ಪ, ಮುರುಗಲ ತುಪ್ಪ ತಣ್ಣಗಾದರೆ ಹೇಗೆ ಗಟ್ಟಿಯಾಗುತ್ತೆ ಅಂತ ನಿಮಗೆ ಗೊತ್ತೇ ಇದೆ.

ಎರಡೂ ಮೇಣವೇ ತಾನೇ, ಅದೇ ಅಚ್ಚಿಗೆ ಸುರಿದರಾಯ್ತು ಅಂದುಕೊಳ್ಳಬೇಡಿ. ಎಡವೋದು ಇಲ್ಲೇ.

ಬತ್ತಿಗೆ ಬಳಸುವ ಪ್ಯಾರಾಫಿನ್ ಸುಮಾರು 58-60 ಡಿಗ್ರಿ ಶಾಖಕ್ಕೆ ಕರಗುತ್ತದೆ. ಲೋಟಕ್ಕೆ ಹಾಕುವ ಸೋಯಾ ಮೇಣ 45-52 ಡಿಗ್ರಿಗೇ ಕರಗುತ್ತದೆ. ಅಂದರೆ ಅದು ಮೆತ್ತಗೆ. ಪ್ಯಾರಾಫಿನ್ ಆರಿದಾಗ ಚೆನ್ನಾಗಿ ಕುಗ್ಗುತ್ತದೆ. ಅದಕ್ಕೇ ಅಚ್ಚು ಬಿಚ್ಚಿದ ಕೂಡಲೇ ಬತ್ತಿ ಬಿಟ್ಟು ಬರುತ್ತದೆ. ಸೋಯಾ ಅಷ್ಟು ಕುಗ್ಗುವುದಿಲ್ಲ. ಅಚ್ಚಿಗೆ ಅಂಟಿಕೊಳ್ಳುತ್ತದೆ. ಎಳೆದರೆ ಮುರಿಯುತ್ತದೆ. ಮುರಿಯದೆ ಬಂದರೂ ತೆಳ್ಳನೆ ಉದ್ದ ಬತ್ತಿ ಬೇಸಿಗೆಯಲ್ಲಿ ಬಾಗುತ್ತದೆ. ಆದ್ದರಿಂದ ಬರೀ ಸೋಯಾ ಮೇಣ ಗಾಜಿನ ಲೋಟಕ್ಕೇ ಸರಿ. ಅಲ್ಲಿ ಅಂಟೋದೇ ಒಳ್ಳೆಯದು.

ಮೆತ್ತಗಾಗದಿರಲಿ ಅಂತ ಸೋಯಾಕ್ಕೆ ಬೇರೆ ಮೇಣ ಬೆರೆಸಿ ಮಾರುತ್ತಾರೆ. ಅದೇ ಮಿಶ್ರ ಮೇಣ. ಬೆರೆಸಿದ್ದು ಏನು, ಎಷ್ಟು ಅಂತ ಮಾರುವವರನ್ನು ಕೇಳಿ. ಕೆಲವು ಮಿಶ್ರಣದಲ್ಲಿ ಪ್ಯಾರಾಫಿನ್ನೇ ಇರುತ್ತದೆ. ತಪ್ಪೇನಿಲ್ಲ. ಆದರೆ ಅದರ ಮೇಲೆ ನಾವು "ಪೂರ್ತಿ ಸೋಯಾ" ಅಂತ ಚೀಟಿ ಅಂಟಿಸಬಾರದು.

ಮೇಣ ಕರಗಿಸೋದು ಹೇಗೆ? ಪಾತ್ರೆಯನ್ನು ನೇರವಾಗಿ ಒಲೆ ಮೇಲೆ ಇಡಬೇಡಿ. ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ. ಅದರೊಳಗೆ ಮೇಣದ ಪಾತ್ರೆ ಇಡಿ. ನೀರಿನ ಶಾಖ 100 ಡಿಗ್ರಿ ದಾಟೋದಿಲ್ಲ. ಹಾಗಾಗಿ ಮೇಣ ಅತಿಯಾಗಿ ಕಾಯುವುದಿಲ್ಲ. ನೀರು ಬತ್ತದಂತೆ ನೋಡಿಕೊಳ್ಳಿ. ಅಕಸ್ಮಾತ್ ಮೇಣಕ್ಕೆ ಬೆಂಕಿ ಹತ್ತಿದರೆ ನೀರು ಮಾತ್ರ ಸುರಿಯಲೇಬೇಡಿ! ನೀರು ಥಟ್ಟನೆ ಆವಿಯಾಗಿ, ಉರಿಯುವ ಮೇಣ ಮೈಮೇಲೆ ಸಿಡಿಯುತ್ತದೆ. ಒಲೆ ಆರಿಸಿ. ಪಾತ್ರೆಗೆ ಮುಚ್ಚಳ ಮುಚ್ಚಿ. ಮಕ್ಕಳನ್ನು ಆ ಕಡೆ ಬಿಡಬೇಡಿ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳಿ.

ಎಷ್ಟು ಬಿಸಿಯಲ್ಲಿ ಸುರಿಯಬೇಕು ಅನ್ನೋದು ಒಂದೊಂದು ಮೇಣಕ್ಕೆ ಒಂದೊಂದು ಥರ. ಚೀಲದ ಮೇಲಿನ ಚೀಟಿ ಓದಿ. ಈಗ ನಮಗೆ ಓದಲು ಬರುತ್ತದಲ್ಲ! ಶಾಖ ಅಳೆಯುವ ಕಡ್ಡಿ ಒಂದಿರಲಿ. ಮಳೆಗಾಲದಲ್ಲಿ ಲೋಟವನ್ನು ಒರೆಸಿ, ಸ್ವಲ್ಪ ಬೆಚ್ಚಗೆ ಮಾಡಿ. ತೇವ ಉಳಿದರೆ ಬತ್ತಿ ಚಟಚಟ ಅನ್ನುತ್ತದೆ. ಆರಿದ ಸೋಯಾ ಮೇಣದ ಮೇಲೆ ಕೆಲವು ಸಲ ಬೂಷ್ಟು ಹಿಡಿದಂತೆ ಬಿಳಿ ಹರಳು ಕಾಣುತ್ತದೆ. ಅದು ಕೆಟ್ಟಿಲ್ಲ. ಈ ಮೇಣದ ಗುಣವೇ ಹಾಗೆ. ಆದರೆ ಕೊಳ್ಳುವವರು ಕೇಳಿದರೆ ಹೇಳಲು ನಮಗೆ ಗೊತ್ತಿರಬೇಕು.

ಎಲ್ಲಕ್ಕಿಂತ ಕಷ್ಟದ್ದು ನೂಲು. ಪ್ಯಾರಾಫಿನ್ನಿಗೆ ಸರಿಹೋದ ನೂಲು ಸೋಯಾಕ್ಕೆ ಸಾಮಾನ್ಯವಾಗಿ ಸಾಲದು. ಇನ್ನಷ್ಟು ದಪ್ಪ ಬೇಕು. ನೂಲು ಸಣ್ಣದಾದರೆ ನಡುವೆ ಬಾವಿ ತೋಡಿದ ಹಾಗೆ ಉರಿಯುತ್ತದೆ. ಸುತ್ತಲ ಮೇಣ ಹಾಗೇ ಉಳಿಯುತ್ತದೆ. ತುಂಬ ದಪ್ಪವಾದರೆ ಉರಿ ಎದ್ದು ಕರಿ ಹಿಡಿಯುತ್ತದೆ. ಗಾಜು ಸುಡುತ್ತದೆ. ಆದ್ದರಿಂದ ಮೂರು ಥರದ ನೂಲು ತನ್ನಿ. ಒಂದೇ ಅಳತೆಯ ಮೂರು ಲೋಟ ಮಾಡಿ. ಒಂದು ವಾರ ಬಿಟ್ಟು ಹಚ್ಚಿ. ಎರಡು ಮೂರು ಗಂಟೆಯಲ್ಲಿ ಕರಗಿದ ಮೇಣ ಲೋಟದ ಅಂಚು ಮುಟ್ಟಿತೇ? ಉರಿ ನೆಟ್ಟಗಿದೆಯೇ? ಹಾಗಿದ್ದರೆ ಅದೇ ನಮ್ಮ ನೂಲು. ಪಟ್ಟಿಯಲ್ಲಿ ಬರೆದಿಡಿ. ತಳದಲ್ಲಿ ಒಂದು ಬೆರಳಗಲ ಮೇಣ ಉಳಿದಾಗ ಆರಿಸಬೇಕು, ಇಲ್ಲದಿದ್ದರೆ ಗಾಜು ಒಡೆಯಬಹುದು. ಇದನ್ನು ಕೊಳ್ಳುವವರಿಗೂ ಹೇಳಿ.

ಸೋಯಾ ಬತ್ತಿ ಹೊಗೆಯನ್ನೇ ಬಿಡುವುದಿಲ್ಲ ಅಂತ ಕೆಲವರು ಹೇಳುತ್ತಾರೆ. ಅಷ್ಟು ನಂಬಬೇಡಿ. ನೂಲು ಉದ್ದ ಬಿಟ್ಟು ಗಾಳಿಗೆ ಇಟ್ಟರೆ ಯಾವ ಬತ್ತಿಯೂ ಕರಿ ಬಿಡುತ್ತದೆ. ಪಾತ್ರೆ ತೊಳೆಯೋದು ಮಾತ್ರ ಸುಲಭ. ಬಿಸಿನೀರು, ಸೋಪಿಗೆ ಸೋಯಾ ಬಿಡುತ್ತದೆ.

ಇನ್ನು ದುಡ್ಡಿನ ಲೆಕ್ಕ. ಲೋಟಕ್ಕೆ 100 ಮಿಲಿ ನೀರು ಹಿಡಿದರೆ, ಮೇಣ ಸುಮಾರು 90 ಗ್ರಾಂ ಬೇಕು. 10 ಲೋಟಕ್ಕೆ 900 ಗ್ರಾಂ. ಮೇಣದ ಜೊತೆಗೆ ಗಾಜು, ನೂಲು, ಪರಿಮಳ, ಡಬ್ಬ, ಬಸ್ಸಿನ ಚಾರ್ಜು ಬರೆಯಿರಿ. ಒಡೆದ ಲೋಟವನ್ನೂ ಬರೆಯಿರಿ. ನಿಮ್ಮ ಕೂಲಿ ಮರೆಯಬೇಡಿ. ಪರಿಮಳದ ಲೋಟದ ಬತ್ತಿ ಕೊಳ್ಳುವವರು ಶಿವಮೊಗ್ಗ, ಸಾಗರದಂಥ ಪೇಟೆಯವರು. ದೀಪಾವಳಿ ಹೊತ್ತಿಗೆ ಎಷ್ಟು ಬೇಕು ಅಂತ ಅಂಗಡಿಯವರನ್ನು ಮೊದಲೇ ಕೇಳಿ. ಮೊದಲ ಸಲ ಎರಡು ಕಿಲೋ ಮೇಣ ಸಾಕು. ಹಳೆಯ ಅಚ್ಚುಗಳನ್ನು ಮಾತ್ರ ಮಾರಬೇಡಿ. ಆಷಾಢದಲ್ಲಿ ಊರಿನ ಅಂಗಡಿ ಕೇಳೋದು ಆ ಉದ್ದನೆಯ ಪ್ಯಾರಾಫಿನ್ ಬತ್ತಿಯನ್ನೇ.