ವಾಲಿದ ಬಂದೂಕು, ತಪ್ಪಿದ ಗುರಿ

1874ನೆಯ ಇಸವಿ ಸೆಪ್ಟೆಂಬರ್ 26ರಂದು, ನ್ಯೂಯಾರ್ಕ್ ನಗರದ ಬಳಿ, ಲಾಂಗ್ ಐಲೆಂಡಿನ ಕ್ರೀಡ್‌ಮೂರ್ ಬಯಲಿನಲ್ಲಿ ಐರ್ಲೆಂಡಿನ ಆರು ಮಂದಿ ಗುರಿಕಾರರಿಗೂ ಅಮೆರಿಕದ ಆರು ಮಂದಿಗೂ ಒಂದು ಪಂದ್ಯ ನಡೆಯಿತು. 800, 900, 1000 ಗಜಗಳ ದೂರದಿಂದ ಒಬ್ಬೊಬ್ಬನೂ ಹದಿನೈದು ಹದಿನೈದು ಗುಂಡುಗಳನ್ನು ಹಾರಿಸಬೇಕು. ನಡುಗುರಿಗೆ ತಗುಲಿದರೆ 4 ಅಂಕ, ಅದರ ಆಚೆಗೆ 3, ಇನ್ನೂ ಹೊರಗೆ 2. ಕೊನೆಗೆ ಅಮೆರಿಕದವರಿಗೆ 934, ಐರ್ಲೆಂಡಿನವರಿಗೆ 931 ಅಂಕಗಳು ದೊರೆತುವು. ಐರ್ಲೆಂಡಿನ ಮಿಲ್ನರ್ ಎಂಬಾತ ಒಂದು ಗುಂಡನ್ನು ಮರೆತು ಪಕ್ಕದ ಗುರಿಹಲಗೆಗೆ ಹಾರಿಸಿ ಸೊನ್ನೆ ಪಡೆದಿದ್ದನು. ಸೋಲುಗೆಲವುಗಳ ಅಂತರವೋ ಮೂರೇ ಅಂಕ!

ಗುಂಡೊಂದು ಇಷ್ಟು ಬೆಲೆಬಾಳುವ ಆ ಪಂದ್ಯಗಳಿಗಾಗಿ ತಯಾರಾದ ಅನೇಕ ಬಂದೂಕುಗಳಲ್ಲಿ ಒಂದು ವಿಶೇಷವನ್ನು ಕಾಣುತ್ತೇವೆ. ನಳಿಗೆಯ ತುದಿಯ ಮುಂಗುರಿಯಲ್ಲಿ ಪುಟ್ಟ ರಸಮಟ್ಟವೊಂದನ್ನು ಅಳವಡಿಸಿರುತ್ತಾರೆ. ಗಾರೆಯವನು ಗೋಡೆ ಕಟ್ಟುವಾಗ ಬಳಸುವಂಥದೇ ಉಪಕರಣ. ಗುರಿಯನ್ನು ಕಣ್ಣಿನಿಂದ ನೋಡಿ ಹೊಡೆಯುವವನಿಗೆ ರಸಮಟ್ಟದಿಂದ ಆಗಬೇಕಾದುದೇನು? ಬಂದೂಕು ಒಂದಿಷ್ಟು ಎಡಕ್ಕೋ ಬಲಕ್ಕೋ ವಾಲಿದ್ದರೂ ಹಿಂಗುರಿ, ಮುಂಗುರಿ, ಹಲಗೆಯ ನಡು ಈ ಮೂರೂ ಒಂದೇ ಸಾಲಿನಲ್ಲಿದ್ದರೆ ಸಾಲದೆ? ಸಾಲದು. ಏಕೆಂಬುದನ್ನು ವಿಚಾರ ಮಾಡೋಣ.

ನಳಿಗೆಯಿಂದ ಹೊರಬಿದ್ದ ಗುಂಡು ನೇರವಾಗಿ ಹೋಗುತ್ತದೆಂಬುದು ಸಾಮಾನ್ಯ ಭಾವನೆ. ವಾಸ್ತವವಾಗಿ ಹೊರಬಿದ್ದ ಕ್ಷಣದಿಂದಲೇ ಅದು ಭೂಮಿಯ ಆಕರ್ಷಣೆಗೆ ಒಳಗಾಗಿ ಕೆಳಕ್ಕೆ ಬೀಳತೊಡಗುತ್ತದೆ. ಬೀಳುವ ದೂರ ಕಾಲದ ವರ್ಗಕ್ಕೆ ಅನುಗುಣವಾದುದೆಂದು ಗೆಲಿಲಿಯೊ ತೋರಿಸಿಕೊಟ್ಟಿದ್ದಾನಷ್ಟೆ. ಸೆಕೆಂಡಿಗೆ 800 ಮೀಟರ್ ವೇಗದಿಂದ ಹೊರಟ ಇಂದಿನ ರೈಫಲಿನ ಗುಂಡು 100 ಮೀಟರ್ ದೂರವನ್ನು ಸೆಕೆಂಡಿನ ಎಂಟನೆಯ ಒಂದು ಪಾಲಿನಲ್ಲಿ ದಾಟುತ್ತದೆ. ಅಷ್ಟರಲ್ಲಿ ಸುಮಾರು 8 ಸೆಂಟಿಮೀಟರ್ ಬಿದ್ದಿರುತ್ತದೆ. 1000 ಗಜಗಳನ್ನು, ಎಂದರೆ 914 ಮೀಟರುಗಳನ್ನು, ಸೇರುವಷ್ಟರಲ್ಲಿ ಗಾಳಿಯ ತಡೆಯಿಂದ ಅದರ ವೇಗ ಬಹಳ ಕುಗ್ಗಿ, ಒಂದೂವರೆ ಸೆಕೆಂಡಿಗೂ ಮಿಕ್ಕ ಕಾಲ ಹಿಡಿಯುತ್ತದೆ; ಬಿದ್ದ ಎತ್ತರ ಸುಮಾರು 10 ಮೀಟರ್, ಮೂರಂತಸ್ತಿನ ಮನೆಯಷ್ಟು!

ಹಾಗಾದರೆ ಗುಂಡು ಗುರಿಯನ್ನು ಮುಟ್ಟುವುದೆಂತು? ಹಿಂಗುರಿಯನ್ನು ಮೇಲಕ್ಕೇರಿಸಿ ಇಡುವುದರಿಂದ. ಆಗ ಕಣ್ಣು ಹಲಗೆಯ ನಡುವನ್ನೇ ನೋಡುತ್ತಿದ್ದರೂ ನಳಿಗೆಯ ಮುಖ ಅದಕ್ಕಿಂತ 10 ಮೀಟರ್ ಮೇಲಿನ ಒಂದು ಬಿಂದುವಿನ ಕಡೆಗೆ ಇರುತ್ತದೆ. ಎತ್ತಿದಷ್ಟನ್ನೂ ಆಕರ್ಷಣೆ ಇಳಿಸುತ್ತದೆ. ಗುಂಡು ನಡುವಿಗೆ ಬಂದು ಬಡಿಯುತ್ತದೆ.

ಈಗ ವಾಚಕರು ದೊಡ್ಡದೊಂದು ಗಡಿಯಾರವನ್ನು ಕಲ್ಪಿಸಿಕೊಳ್ಳಲಿ. ಅದರ ಕೇಂದ್ರವೇ ಗುರಿಯ ನಡು. ಮುಳ್ಳಿನ ಉದ್ದ 10 ಮೀಟರ್. ಮುಳ್ಳಿನ ತುದಿಯೇ ನಳಿಗೆ ನೋಡುತ್ತಿರುವ ಬಿಂದು. ಬಂದೂಕು ಸರಿಯಾಗಿ ನಿಂತಿದ್ದರೆ ಮುಳ್ಳು 12ರ ಮೇಲಿರುತ್ತದೆ. ಕಣ್ಣನ್ನು ನಡುವಿನಿಂದ ಕದಲಿಸದೆ ಬಂದೂಕನ್ನು ಬಲಕ್ಕೆ ವಾಲಿಸಿದರೆ ಮುಳ್ಳೂ ಅಷ್ಟೇ ಕೋನ ಬಲಕ್ಕೆ ತಿರುಗುತ್ತದೆ. ಒಂದು ನಿಮಿಷದ ಗೆರೆಯಷ್ಟು, ಎಂದರೆ 6 ಡಿಗ್ರಿ ತಿರುಗಿತೆನ್ನೋಣ. ಮುಳ್ಳಿನ ತುದಿ ಬಲಕ್ಕೆ 1 ಮೀಟರ್ 5 ಸೆಂಟಿಮೀಟರ್ ಸರಿದು, ಸುಮಾರು ಐದೂವರೆ ಸೆಂಟಿಮೀಟರ್ ಕೆಳಗಿಳಿಯುತ್ತದೆ.

ಮುಖ್ಯವಾದ ಮಾತು ಇಲ್ಲಿದೆ. ಬಂದೂಕು ವಾಲಿತೆಂದು ಭೂಮಿಯ ಆಕರ್ಷಣೆ ವಾಲುವುದಿಲ್ಲ. ಅದು ಗುಂಡನ್ನು ಮುಳ್ಳಿನ ಗುಂಟ ಕೇಂದ್ರದ ಕಡೆಗೆ ಎಳೆಯದೆ, ನೆಟ್ಟಗೆ ಕೆಳಕ್ಕೆ ಎಳೆಯುತ್ತದೆ. ಆದಕಾರಣ ಗುಂಡು ನಡುವಿನಿಂದ 1 ಮೀಟರ್ 5 ಸೆಂಟಿಮೀಟರ್ ಬಲಕ್ಕೂ ಐದೂವರೆ ಸೆಂಟಿಮೀಟರ್ ಕೆಳಕ್ಕೂ ಬೀಳುತ್ತದೆ. ಬಂದೂಕು ಯಾವ ಕಡೆಗೆ ವಾಲಿದೆಯೋ ಗುಂಡೂ ಆ ಕಡೆಗೇ ತಪ್ಪುತ್ತದೆ.

ತ್ರಿಕೋಣಮಿತಿಯನ್ನು ಬಲ್ಲ ವಿದ್ಯಾರ್ಥಿಗಳು ಇದನ್ನು ಸೂತ್ರದಲ್ಲಿ ಹೇಳಬಹುದು. ಗುಂಡು ಬೀಳುವ ಎತ್ತರವನ್ನು ವಾಲಿದ ಕೋನದ ಸೈನಿನಿಂದ ಗುಣಿಸಿದರೆ ಪಕ್ಕದ ತಪ್ಪು; ಒಂದರಿಂದ ಕೋಸೈನನ್ನು ಕಳೆದು ಅದರಿಂದ ಗುಣಿಸಿದರೆ ಕೆಳಗಿನ ತಪ್ಪು. ಸಣ್ಣ ಕೋನಗಳಲ್ಲಿ ಮೊದಲನೆಯದು ಕೋನದಷ್ಟೇ ಬೆಳೆಯುತ್ತದೆ, ಎರಡನೆಯದು ಕೋನದ ವರ್ಗದಂತೆ ಬೆಳೆಯುತ್ತದೆ. ಆದ್ದರಿಂದ 1 ಡಿಗ್ರಿ ವಾಲಿದರೆ ಪಕ್ಕದ ತಪ್ಪು ಹದಿನೇಳೂವರೆ ಸೆಂಟಿಮೀಟರ್. ಕೆಳಗಿನ ತಪ್ಪಾದರೋ ಒಂದೂವರೆ ಮಿಲಿಮೀಟರ್ ಮಾತ್ರ. ಪಕ್ಕಕ್ಕೆ ಸರಿದ ಗುಂಡನ್ನು ಕಂಡ ಗುರಿಕಾರನು ಗಾಳಿಯನ್ನು ಶಂಕಿಸುವುದು ಸಹಜವೇ ಆಗಿದೆ. ಇಲ್ಲದ ಗಾಳಿಗೆ ಗುರಿಯನ್ನು ತಿದ್ದಿಕೊಂಡು, ಮುಂದಿನ ಗುಂಡಿಗೆ ಬಂದೂಕನ್ನು ನೆಟ್ಟಗೆ ಹಿಡಿದನೆಂದರೆ ಅದು ಇನ್ನೊಂದು ಪಕ್ಕಕ್ಕೆ ತಪ್ಪುತ್ತದೆ!

ಬಂದೂಕನ್ನು ಸದಾ ಒಂದೇ ಕೋನದಲ್ಲಿ ವಾಲಿಸಿ ಹಿಡಿಯುವವನ ಗತಿಯೇನು? ದೂರ ಬದಲಾಗದಿದ್ದರೆ ಅವನಿಗೆ ತೊಂದರೆಯಿಲ್ಲ. 50 ಮೀಟರಿನ ಪಂದ್ಯಗಳಲ್ಲಿ ಅನೇಕರು ದೇಹಕ್ಕೆ ಅನುಕೂಲವಾಗಲೆಂದು ಬೇಕೆಂದೇ ಕೊಂಚ ವಾಲಿಸಿ, ಆ ಭಂಗಿಯಲ್ಲಿಯೇ ಗುರಿಯನ್ನು ಸರಿಪಡಿಸಿಕೊಳ್ಳುತ್ತಾರೆ. ದೂರ ಬದಲಾಯಿತೋ, ಗಡಿಯಾರದ ಮುಳ್ಳಿನ ಉದ್ದವೇ ಬದಲಾಯಿತು. 300 ಮೀಟರಿನಲ್ಲಿ ನಮ್ಮ ಗುಂಡು ಬೀಳುವುದು ಸುಮಾರು 85 ಸೆಂಟಿಮೀಟರ್. 6 ಡಿಗ್ರಿ ವಾಲಿದರೆ ಪಕ್ಕದ ತಪ್ಪು 9 ಸೆಂಟಿಮೀಟರ್. ಅದಕ್ಕೆ ಮಾಡಿಕೊಂಡ ತಿದ್ದುಪಡಿ 1000 ಗಜಗಳಲ್ಲಿ 27 ಸೆಂಟಿಮೀಟರಿನಷ್ಟು ಆಗುತ್ತದೆ. ತಪ್ಪೋ 1 ಮೀಟರಿಗಿಂತ ಹೆಚ್ಚು. ಮುಕ್ಕಾಲು ಮೀಟರಿನಷ್ಟು ತಪ್ಪು ಉಳಿದೇ ಉಳಿಯುತ್ತದೆ.

ನೆಟ್ಟಗೆ ಹಿಡಿದಿದ್ದೇವೆಂಬ ನಮ್ಮ ನಂಬಿಕೆಯಾದರೂ ಎಷ್ಟು ದೃಢವಾದುದು? ಕಣ್ಣು ಸುತ್ತಲಿನ ವಸ್ತುಗಳನ್ನು ನೋಡಿ ಮಟ್ಟವನ್ನು ಊಹಿಸುತ್ತದೆ. ನೆಲ ಇಳಿಜಾರಾಗಿದ್ದರೆ, ಹಲಗೆಯ ಕಂಬ ಓರೆಯಾಗಿದ್ದರೆ, ಅದರೊಡನೆ ನಾವೂ ತಿಳಿಯದೆ ಓರೆಯಾಗುತ್ತೇವೆ. ರಸಮಟ್ಟದ ಗುಳ್ಳೆ ಮಾತ್ರ ಸುತ್ತಲಿನ ಯಾವುದನ್ನೂ ಲಕ್ಷಿಸದು. ಗುಂಡನ್ನು ಕೆಳಕ್ಕೆಳೆಯುವ ಆಕರ್ಷಣೆಯೇ ಆ ಗುಳ್ಳೆಯನ್ನೂ ತನ್ನ ಸ್ಥಾನದಲ್ಲಿ ನಿಲ್ಲಿಸುತ್ತದೆ.

ಈಗ ಮತ್ತೆ ಕ್ರೀಡ್‌ಮೂರಿಗೆ ಹೋಗೋಣ. ಕರಿಮದ್ದಿನ ಆ ಕಾಲದಲ್ಲಿ ಗುಂಡು ಭಾರವಾದುದು, ವೇಗ ಇಂದಿನದರ ಅರ್ಧದಷ್ಟು. 1000 ಗಜಗಳಲ್ಲಿ ಅದು 30 ಮೀಟರಿಗೂ ಹೆಚ್ಚು ಬೀಳುತ್ತಿತ್ತು. ನಡುಗುರಿ 3 ಅಡಿಯ ಚೌಕ. ಕೇಂದ್ರದಿಂದ ಅಂಚಿಗೆ 46 ಸೆಂಟಿಮೀಟರ್ ಮಾತ್ರ. ಬಂದೂಕು 1 ಡಿಗ್ರಿ, ಎಂದರೆ ಗಡಿಯಾರದ ಒಂದು ನಿಮಿಷದ ಗೆರೆಯ ಆರನೆಯ ಒಂದು ಪಾಲು, ವಾಲಿದರೂ ಗುಂಡು 52 ಸೆಂಟಿಮೀಟರಿಗೂ ಮಿಕ್ಕು ಪಕ್ಕಕ್ಕೆ ಸರಿದು ನಡುಗುರಿಯಿಂದ ಹೊರಬೀಳುತ್ತಿತ್ತು. ಒಂದು ಅಂಕ ಕೈಬಿಡುತ್ತಿತ್ತು. ಅಂಥ ಮೂರು ಅಂಕಗಳಿಂದ ಆ ಪಂದ್ಯ ನಿರ್ಣಯವಾಯಿತೆಂಬುದನ್ನು ನೆನೆದರೆ, ಬಂದೂಕಿನ ತುದಿಯಲ್ಲಿ ರಸಮಟ್ಟವೇಕೆ ಎಂಬ ಪ್ರಶ್ನೆಗೆ ಉತ್ತರ ದೊರೆತಂತಾಯಿತು.