ಪೂರ್ವಪಕ್ಷದ ಪಾಠ

ಗದಗಿನಿಂದ ಮುಂಡರಗಿಯ ದಾರಿ ಹಿಡಿದು ಹೊರಟವನಿಗೆ ಬಲಗಡೆಯಲ್ಲಿ ಕಪ್ಪತಗುಡ್ಡದ ಸಾಲು ಬಹುದೂರದವರೆಗೆ ಜೊತೆಯಾಗಿ ಬರುತ್ತದೆ. ಮುಂಡರಗಿಯನ್ನು ದಾಟಿ ಇನ್ನೂ ಮುಂದೆ ಹೋದರೆ ತುಂಗಭದ್ರೆಯ ದಡ. ದಡದ ಮೇಲೆ ಹಮ್ಮಿಗಿ. ಧಾರವಾಡ ಜಿಲ್ಲೆ ಮುಂಬಯಿಗೂ ಬಳ್ಳಾರಿ ಜಿಲ್ಲೆ ಮದರಾಸಿಗೂ ಸೇರಿದ್ದ ಕಾಲದಲ್ಲಿ ಈ ಹೊಳೆ ಇಲ್ಲಿ ಎರಡು ಪ್ರಾಂತಗಳ ಗಡಿಯಾಗಿತ್ತು. ಒಂದೇ ನುಡಿಯ ಈ ಎರಡು ದಡಗಳು ಒಂದೇ ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಅದಾಗಿ ಅರ್ಧ ಶತಮಾನ ಕಳೆದ ಮೇಲೆ ಅದೇ ಹೊಳೆಗೆ ಅಡ್ಡಲಾಗಿ, ಹಮ್ಮಿಗಿಯ ಬಳಿ, ಸಿಂಗಟಾಲೂರು ಏತ ನೀರಾವರಿ ಯೋಜನೆಯ ಬ್ಯಾರೇಜು ಎದ್ದು ನಿಂತಿತು. ಮೂರು ಟಿ.ಎಂ.ಸಿ.ಗಿಂತ ತುಸು ಹೆಚ್ಚು ನೀರು ಹಿಡಿಯಬಲ್ಲ ಕಟ್ಟೆ ಅದು, ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಗದಗ, ಕೊಪ್ಪಳ ಜಿಲ್ಲೆಗಳ ಬಾಯಾರಿದ ಹೊಲಗಳಿಗೂ ಹೊಳೆಯಾಚೆಯ ಹೂವಿನಹಡಗಲಿ ಸೀಮೆಗೂ ನೀರೆತ್ತುವುದು ಅದರ ಉದ್ದೇಶ. ಗುಮ್ಮಗೋಳ, ಬಿದರಳ್ಳಿ, ವಿಠಲಾಪುರಗಳಂಥ ಊರುಗಳು ಅದರ ಹಿನ್ನೀರಿನ ಲೆಕ್ಕಕ್ಕೆ ಸೇರಿದವು. ಆ ಊರವರ ಸ್ಥಳಾಂತರ ಮುಗಿಯದಿದ್ದುದರಿಂದ ಅನೇಕ ವರ್ಷಗಳ ಕಾಲ ಕಟ್ಟೆಯಲ್ಲಿ ಪೂರ್ಣಮಟ್ಟಕ್ಕೆ ನೀರು ನಿಲ್ಲಿಸಲಾಗಲಿಲ್ಲ.

ನಾನು ಹೇಳಹೊರಟಿರುವುದು ಕಟ್ಟೆಯ ಕಥೆಯಲ್ಲ, ಆ ಊರಿನಿಂದ ನಮ್ಮ ಕಾಲೇಜಿಗೆ ಬಂದ ಒಬ್ಬ ವಿದ್ಯಾರ್ಥಿನಿಯ ಕಥೆ. ಆದರೆ ಕಟ್ಟೆಯನ್ನು ಬಿಟ್ಟು ಅವಳ ಕಥೆಯನ್ನು ಹೇಳಲು ಬರುವುದಿಲ್ಲ.

ಬಿ.ಎ. ಕೊನೆಯ ವರ್ಷದವರಿಗಾಗಿ ನಾವು ಪ್ರತಿವರ್ಷ ಒಂದು ಚರ್ಚಾಕೂಟ ನಡೆಸುವುದುಂಟು. ಆ ವರ್ಷದ ವಿಷಯ, ದೊಡ್ಡ ನೀರಾವರಿ ಯೋಜನೆಗಳು ಗ್ರಾಮಜೀವನಕ್ಕೆ ಹಿತಕರವೇ ಎಂಬುದು. ಯಾರು ಯಾವ ಪಕ್ಷವನ್ನು ಹಿಡಿಯಬೇಕೆಂಬುದನ್ನು ಚೀಟಿ ಎತ್ತಿ ನಿರ್ಣಯಿಸುತ್ತೇವೆ. ಹಮ್ಮಿಗಿಯ ಹುಡುಗಿಗೆ ಬಂದ ಚೀಟಿಯಲ್ಲಿ 'ಹಿತಕರ' ಎಂದಿತ್ತು. ಅವಳು ಅದನ್ನು ಮಡಿಸಿ ನನ್ನ ಮೇಜಿನ ಮೇಲಿಟ್ಟಳು.

"ಈ ಪಕ್ಷ ನನಗ ಬ್ಯಾಡ್ರಿ ಸರ್. ನಮ್ಮವ್ವನ ತವರುಮನಿ ಹೊಲ ನೀರಾಗ ಹೋಗೇತ್ರಿ. ನಾ ಹ್ಯಾಂಗ್ರಿ ಅದನ್ನ ಒಳ್ಳೇದು ಅನ್ಲಿ?"

ಅವಳ ಕಣ್ಣು ತುಂಬಿತ್ತು. ಚೀಟಿಯನ್ನು ಬದಲಿಸಿಕೊಡುವುದು ನನಗೆ ಕಷ್ಟವಾಗಿರಲಿಲ್ಲ. ಆದರೂ ಏಕೋ ಮನಸ್ಸು ಬರಲಿಲ್ಲ. "ಒಳ್ಳೇದು ಅನ್ನು ಅಂತ ನಾ ಹೇಳಾಕತ್ತಿಲ್ಲವ್ವಾ. ಒಳ್ಳೇದು ಅನ್ನಾವ್ರು ಯಾಕ ಹಂಗಂತಾರ, ಅದನ್ನ ತಿಳಕೊಂಡು ಬಾ," ಎಂದೆ. ಹುಡುಗಿ ಉತ್ತರಿಸದೆ ಹೊರಟುಹೋದಳು. ಅಂದು ರಾತ್ರಿ ನನಗೂ ನೆಮ್ಮದಿಯ ನಿದ್ರೆ ಬರಲಿಲ್ಲವೆಂದು ಒಪ್ಪಿಕೊಳ್ಳಬೇಕು.

ನಮ್ಮ ಕಾಲೇಜುಗಳ ಚರ್ಚಾಕೂಟಗಳನ್ನು ಕೇಳಿದವರಿಗೆ ಅವುಗಳ ರೀತಿ ತಿಳಿದೇ ಇದೆ. ಕಂಠ ಗಟ್ಟಿಯಾಗಿದ್ದವನು ಗೆಲ್ಲುತ್ತಾನೆ. ನಾಲ್ಕು ವಚನ, ಎರಡು ಗಾದೆ ಬಾಯಿಪಾಠ ಬಂದವನಿಗೆ ಚಪ್ಪಾಳೆ ಬೀಳುತ್ತದೆ. ಎದುರಾಳಿ ಮಾತನಾಡುತ್ತಿರುವಾಗ ನಮ್ಮವನು ಕೇಳುತ್ತಿರುವುದಿಲ್ಲ. ತನ್ನ ಮುಂದಿನ ವಾಕ್ಯವನ್ನು ಹೊಸೆಯುತ್ತಿರುತ್ತಾನೆ. ಹಾಗೆ ಕಲಿತವನು ಮುಂದೆ ಮನೆಯಲ್ಲಿ ತಂದೆಯೊಡನೆಯೂ, ಕಟ್ಟೆಯ ಮೇಲೆ ಗೆಳೆಯರೊಡನೆಯೂ, ಚುನಾವಣೆಯ ದಿನಗಳಲ್ಲಿ ನೆರೆಯವರೊಡನೆಯೂ ಅದೇ ರೀತಿಯಲ್ಲಿ ವಾದಿಸುತ್ತಾನೆ. ವಾದ ಮುಗಿದಾಗ ಇಬ್ಬರೂ ಎದ್ದು ಬಂದ ಜಾಗದಲ್ಲಿಯೇ ಮತ್ತೆ ಕುಳಿತಿರುತ್ತಾರೆ. ನಡುವಿನ ಸ್ನೇಹ ಮಾತ್ರ ಎದ್ದುಹೋಗಿರುತ್ತದೆ.

ನಮ್ಮ ಹಿರಿಯರಿಗೆ ಈ ರೋಗ ತಿಳಿಯದ್ದೇನಲ್ಲ. ಗೌತಮನ ನ್ಯಾಯಸೂತ್ರಗಳಲ್ಲಿ ಮಾತಿನ ಪಂದ್ಯವನ್ನು ಮೂರು ಬಗೆಯಾಗಿ ವಿಂಗಡಿಸಿದೆ. ಸತ್ಯವನ್ನು ತಿಳಿಯಬೇಕೆಂದು ಇಬ್ಬರೂ ಪ್ರಮಾಣಗಳನ್ನು ಮುಂದಿಟ್ಟು ನಡೆಸುವುದು ವಾದ. ಗೆಲುವೊಂದನ್ನೇ ಬಯಸಿ, ಮಾತನ್ನು ತಿರುಚಿಯಾದರೂ ಎದುರಾಳಿಯನ್ನು ಕೆಡಹುವುದು ಜಲ್ಪ. ತನ್ನದೆಂಬ ಯಾವ ಪಕ್ಷವನ್ನೂ ನಿಲ್ಲಿಸದೆ ಪರರದನ್ನು ಮುರಿಯುವುದರಲ್ಲಿಯೇ ತೃಪ್ತಿ ಪಡುವುದು ವಿತಂಡ. ಮೂರನೆಯ ಹೆಸರು ಮಾತ್ರ ನಮ್ಮ ಆಡುಮಾತಿನಲ್ಲಿ ಉಳಿದುಬಂದಿರುವುದು ಕೇವಲ ಆಕಸ್ಮಿಕವಿರಲಾರದು! ಶಾಸ್ತ್ರಗ್ರಂಥಗಳನ್ನು ಬರೆದವರು ಇನ್ನೊಂದು ಕಟ್ಟುಪಾಡನ್ನೂ ಪಾಲಿಸಿದರು. ತಮ್ಮ ಸಿದ್ಧಾಂತವನ್ನು ಹೇಳುವುದಕ್ಕೆ ಮುಂಚೆ ಎದುರಾಳಿಯ ಮತವನ್ನು, ಅಂದರೆ ಪೂರ್ವಪಕ್ಷವನ್ನು, ವಿವರವಾಗಿ ಬರೆದರು. ಎಷ್ಟೋ ಹಳೆಯ ಮತಗಳು ಇಂದು ನಮಗೆ ತಿಳಿದಿರುವುದು ಅವುಗಳನ್ನು ಖಂಡಿಸಿದವರ ಗ್ರಂಥಗಳಿಂದಲೇ. ನನ್ನ ವಿದ್ಯಾರ್ಥಿನಿಗೆ ನಾನು ಒಪ್ಪಿಸಿದ್ದೂ ಪೂರ್ವಪಕ್ಷವನ್ನೇ. ಆದರೆ ತಾಯಿಯ ತವರನ್ನು ಕಳೆದುಕೊಂಡವಳಿಗೆ ಅದನ್ನು ಒಪ್ಪಿಸುವುದು ಪಾಠವೋ ಕ್ರೌರ್ಯವೋ? ಇದು ಆಗ ನನಗೆ ಸ್ಪಷ್ಟವಿರಲಿಲ್ಲ.

ಹಾಸ್ಟೆಲಿನಲ್ಲಿದ್ದ ಹುಡುಗಿ ಆ ಶನಿವಾರ ಊರಿಗೆ ಹೋದಳು. ಅಲ್ಲಿ ನಡೆದುದನ್ನು ಅವಳೇ ಮುಂದೆ ನನಗೆ ಹೇಳಿದಳು. ಅವಳ ಮನೆಯಲ್ಲಿಯೇ ಎರಡು ಪಕ್ಷಗಳಿದ್ದವು. ತಾಯಿಗೆ ಕಟ್ಟೆಯ ಹೆಸರೆತ್ತಿದರೆ ಆಗದು. ತಂದೆಯದು ಮಳೆಯನ್ನೇ ನಂಬಿದ ಮಸಾರಿ ಹೊಲ. ಕಾಲುವೆಯ ನೀರು ತನ್ನ ಬದುವಿನವರೆಗೆ ಬಂದೀತೆಂಬ ಆಸೆಯನ್ನು ಆತ ಬಿಟ್ಟಿರಲಿಲ್ಲ. ಹೆಂಡತಿಯ ಎದುರಿನಲ್ಲಿ ಮಾತ್ರ ಆ ಆಸೆಯನ್ನು ಬಾಯಿಬಿಟ್ಟು ಆಡಿರಲಿಲ್ಲ. ಮಗಳು ನೋಟಬುಕ್ಕು ಹಿಡಿದು ಎದುರು ಕುಳಿತು, "ಯಪ್ಪಾ, ಈ ಕಟ್ಟಿಯಿಂದ ಏನು ಒಳ್ಳೇದು ಆಗೇತಿ ಹೇಳು," ಎಂದು ಕೇಳಿದಾಗ ಆತ ಒಮ್ಮೆ ಒಳಮನೆಯ ಕಡೆ ನೋಡಿ, ಅನಂತರ ಮೆಲ್ಲಗೆ ಹೇಳತೊಡಗಿದನಂತೆ. ಬರಗಾಲದ ವರ್ಷ ದನಗಳನ್ನು ಮಾರಿದ್ದು. ಊರ ಹುಡುಗರು ದುಡಿಯಲು ಗೋವೆಗೂ ಮಂಗಳೂರಿಗೂ ಹೋದದ್ದು. ಹೊಳೆ ಕಣ್ಣೆದುರಿಗೇ ಹರಿದುಹೋಗುತ್ತಿದ್ದರೂ ಒಂದು ಕೊಡ ನೀರು ಹೊಲಕ್ಕೆ ಏರದಿದ್ದುದು. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ತಾಯಿ ಬಾಗಿಲಿಗೆ ಬಂದು ನಿಂತು ಎಲ್ಲವನ್ನೂ ಕೇಳಿದಳು. ಒಂದೇ ಸೂರಿನಡಿ ಇಷ್ಟು ವರ್ಷ ಇದ್ದರೂ ಗಂಡನ ಬಾಯಿಂದ ಈ ಮಾತುಗಳನ್ನು ಆಕೆ ಪೂರ್ತಿಯಾಗಿ ಕೇಳಿದ್ದು ಅದೇ ಮೊದಲು.

ಮರಳಿ ಬಂದ ಹುಡುಗಿ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಇದು: "ಸರ್, ನಿಮ್ಮ ಮನಿಗೆ ಕುಡಿಯೋ ನೀರು ಎಲ್ಲಿಂದ ಬರ್ತೇತ್ರಿ?"

ನಾನು ಒಂದು ಕ್ಷಣ ಸುಮ್ಮನಾದೆ. ಗದಗ-ಬೆಟಗೇರಿಯ ನಲ್ಲಿಗಳಿಗೆ ನೀರು ಬರುವುದು ಹಮ್ಮಿಗಿಯಿಂದಲೇ. ಅವಳ ತಾಯಿಯ ತವರನ್ನು ಮುಟ್ಟಿದ ನೀರು ನನ್ನ ತಂಬಿಗೆಯಲ್ಲಿಯೂ ಇತ್ತು. ಚೀಟಿ ಎತ್ತಿಸಿದ ನಾನು ನಡುವೆ ಕುಳಿತ ನಿರ್ಣಾಯಕನೆಂದು ಅದುವರೆಗೆ ಭಾವಿಸಿದ್ದೆ. ನಾನೂ ಒಂದು ಪಕ್ಷದವನೇ ಎಂಬುದು ಅವಳು ಕೇಳಿದ ಮೇಲೆ ಹೊಳೆಯಿತು.

ಸ್ವಂತದ ನೋವನ್ನು ಸಾರ್ವಜನಿಕ ವಾದಕ್ಕೆ ತರಬಾರದೆಂದು ಕೆಲವರು ಹೇಳುವುದುಂಟು. ಗದಗಿನಲ್ಲಿ ಕನ್ನಡ ಕಲಿಸುವವನು ಈ ಮಾತನ್ನು ಒಪ್ಪುವುದು ಕಷ್ಟ. ಇಲ್ಲಿಯ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸ ತನ್ನ ಭಾರತವನ್ನು ರಚಿಸಿದನೆಂಬುದು ನಾಡಿನ ನಂಬಿಕೆ. ಆ ಕಥೆಯ ಸಭಾಪರ್ವದಲ್ಲಿ ದ್ರೌಪದಿಗೆ ಆದುದಕ್ಕಿಂತ ಮಿಗಿಲಾದ ಸ್ವಂತದ ನೋವು ಇನ್ನಾವುದಿದೆ? ಆದರೂ ಅವಳು ಬರಿಯ ಗೋಳನ್ನು ಸಭೆಯ ಮುಂದಿಡಲಿಲ್ಲ, ಒಂದು ಪ್ರಶ್ನೆಯನ್ನಿಟ್ಟಳು. ಮೊದಲು ತನ್ನನ್ನೇ ಸೋತುಕೊಂಡ ದೊರೆಗೆ ಆಮೇಲೆ ಮಡದಿಯನ್ನು ಪಣವಾಗಿಡುವ ಅಧಿಕಾರವೆಲ್ಲಿತ್ತು? ಗೋಳಿಗೆ ಸಭೆ ತಲೆತಗ್ಗಿಸಿ ಸುಮ್ಮನಿರಬಹುದಾಗಿತ್ತು. ಪ್ರಶ್ನೆಗೆ ಸುಮ್ಮನಿರಲು ಬರುವಂತಿರಲಿಲ್ಲ. ಭೀಷ್ಮನಂಥವನೂ ಧರ್ಮಸೂಕ್ಷ್ಮವೆಂದು ತಡವರಿಸಬೇಕಾಯಿತು. ಕೌರವರೊಳಗಿನ ವಿಕರ್ಣನೇ ಎದ್ದು ಅವಳ ಪರವಾಗಿ ನುಡಿದನು. ನೋವು ಪ್ರಶ್ನೆಯಾದಾಗ ಎದುರಿನ ಪಾಳೆಯದಲ್ಲಿಯೂ ಅದಕ್ಕೆ ಕಿವಿ ಸಿಕ್ಕುತ್ತದೆ.

ಚರ್ಚೆಯ ದಿನ ಹಮ್ಮಿಗಿಯ ಹುಡುಗಿ ಮಾತನಾಡಿದ್ದು ಏಳು ನಿಮಿಷ. ಎತ್ತರದ ದನಿ ಇರಲಿಲ್ಲ. ಒಂದು ವಚನವನ್ನೂ ಹೇಳಲಿಲ್ಲ. ತನಗೆ ಬಂದ ಪಕ್ಷವನ್ನು ಪ್ರಾಮಾಣಿಕವಾಗಿ ಮಂಡಿಸಿದಳು: ಮಳೆಯಾಶ್ರಿತ ಹೊಲಗಳ ಸ್ಥಿತಿ, ಗುಳೆ ಹೋಗುವವರ ಸಂಸಾರ, ಅವಳಿ ನಗರದ ಕುಡಿಯುವ ನೀರು. ಕೊನೆಗೆ, "ಇಷ್ಟು ಹಿತ ಇರೋದು ಖರೆ. ನಮ್ಮವ್ವನ ತವರುಮನಿಯವ್ರು ಇದನ್ನ ಅಲ್ಲಗಳೆಯೂದಿಲ್ಲ. ಹಿತ ಆದವ್ರು, ಅಹಿತ ಆದವ್ರಿಗೆ ಏನು ಕೊಡಬೇಕು, ಯಾವಾಗ ಕೊಡಬೇಕು, ಇದನ್ನ ಎದುರಿನ ಪಕ್ಷದವ್ರು ಕೇಳಬೇಕಿತ್ತು, ಕೇಳಲಿಲ್ಲ," ಎಂದು ಹೇಳಿ ಕುಳಿತಳು. ಎದುರಿನ ಪಕ್ಷದಲ್ಲಿದ್ದ ಗದಗಿನ ಹುಡುಗನೊಬ್ಬ, ಮುಳುಗಡೆಯಾದವರ ಪರವಾಗಿ ಗುಡುಗಿದ್ದವನು, ಆ ಊರುಗಳನ್ನು ಒಮ್ಮೆಯೂ ನೋಡಿದವನಲ್ಲ. ಆತ ನಾಚಿ ತಲೆ ಬಗ್ಗಿಸಿದ್ದನ್ನು ನಾನು ಕಂಡೆ. ಬಹುಮಾನ ಅವನಿಗೇ ಬಂದಿತು. ನಿರ್ಣಾಯಕರು ಹೊರಗಿನಿಂದ ಬಂದವರು. ಮುಂದಿನ ಭಾನುವಾರ ಆತ ಬಸ್ಸು ಹತ್ತಿ ಹಮ್ಮಿಗಿಗೆ ಹೋಗಿ ಬಂದನೆಂದು ಆಮೇಲೆ ತಿಳಿಯಿತು.

ನಮ್ಮ ಜಿಲ್ಲೆಗೆ ಇಂಥ ವಾದಗಳು ಹೊಸವಲ್ಲ. ದಕ್ಷಿಣ ಕೊರಿಯಾದ ಪೋಸ್ಕೊ ಕಂಪನಿಯ ಉಕ್ಕಿನ ಕಾರ್ಖಾನೆಗಾಗಿ ಇದೇ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯ ಸುತ್ತಿನಲ್ಲಿ 3,300ಕ್ಕೂ ಹೆಚ್ಚು ಎಕರೆ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳುವ ಮಾತೆದ್ದಾಗ ರೈತರು ಬೀದಿಗಿಳಿದರು. ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳು ಅವರ ಮುಂದೆ ನಿಂತರು. 2011ರ ಜುಲೈ ತಿಂಗಳಿನಲ್ಲಿ ಸರ್ಕಾರ ಆ ಯತ್ನವನ್ನು ಕೈಬಿಟ್ಟಿತು. ಜಮೀನು ಮಾರಲು ಸಿದ್ಧರಿದ್ದ ರೈತರೂ ಅಲ್ಲಿ ಇದ್ದರೆಂಬುದನ್ನು ಮರೆಯಬಾರದು. ಅವರ ಮಾತಿಗೂ ಒಂದು ತೂಕವಿತ್ತು. ಕಪ್ಪತಗುಡ್ಡದ ವಿಷಯದಲ್ಲಿಯೂ ಹಾಗೆಯೇ. 2015ರಲ್ಲಿ ಅದಕ್ಕೆ ಸಂರಕ್ಷಿತ ಪ್ರದೇಶವೆಂಬ ಮನ್ನಣೆ ದೊರೆಯಿತು, 2016ರಲ್ಲಿ ಹೋಯಿತು, ಜನರ ಹೋರಾಟದಿಂದ 2017ರಲ್ಲಿ ಮರಳಿ ಬಂದಿತು. 2019ರಲ್ಲಿ ಅದು 244 ಚದರ ಕಿಲೋಮೀಟರಿನ ವನ್ಯಜೀವಿಧಾಮವಾಯಿತು. ಆ ಬೆಟ್ಟದ ಹೊಟ್ಟೆಯಲ್ಲಿ ಚಿನ್ನವಿದೆ, ತೆಗೆಯಬೇಕು ಎನ್ನುವವರದು ಒಂದು ಪಕ್ಷ. ಬೆಟ್ಟವೇ ಚಿನ್ನ, ಬಿಡಬೇಕು ಎನ್ನುವವರದು ಇನ್ನೊಂದು. ನಾನು ಎರಡನೆಯ ಪಕ್ಷದವನು. ಆದರೆ ಆ ಬೆಟ್ಟದ ಬುಡದಲ್ಲಿ ಕೆಲಸವಿಲ್ಲದೆ ಕುಳಿತ ತರುಣನು ಗಣಿಯನ್ನು ಏಕೆ ಬಯಸುತ್ತಾನೆಂಬುದನ್ನು ಅವನೇ ತಲೆದೂಗುವಂತೆ ಹೇಳಬಲ್ಲೆನೇ ಎಂದು ಈಚೆಗೆ ನನ್ನನ್ನು ನಾನೇ ಪರೀಕ್ಷಿಸಿಕೊಳ್ಳುತ್ತೇನೆ. ಹೇಳಲಾರದಿದ್ದರೆ ನನ್ನ ಪಕ್ಷ ಇನ್ನೂ ಪಕ್ವವಾಗಿಲ್ಲವೆಂದೇ ಅರ್ಥ.

ಹುಡುಗಿಯ ಕಥೆ ಚರ್ಚಾಕೂಟಕ್ಕೆ ಮುಗಿಯಲಿಲ್ಲ. ಅವಳಿಗೆ ಧಾರವಾಡಕ್ಕೆ ಹೋಗಿ ಎಂ.ಎ. ಓದಬೇಕೆಂಬ ಆಸೆ, ಮನೆಯಲ್ಲಿ ಮದುವೆಯ ಮಾತು ನಡೆದಿತ್ತು. ಮೊದಲು ಈ ಮಾತು ಬಂದಾಗಲೆಲ್ಲ ಅಳುವಿನಲ್ಲಿ ಮುಗಿಯುತ್ತಿತ್ತಂತೆ. ಈ ಸಲ ಅವಳು ಅಳಲಿಲ್ಲ. ತಂದೆಯ ಎದುರು ಕುಳಿತು, "ಯಪ್ಪಾ, ನಿನ್ನ ಮಾತು ನಾ ಹೇಳ್ತೀನಿ, ತಪ್ಪಿದ್ರ ತಿದ್ದು," ಎಂದು ಆರಂಭಿಸಿದಳು. ವರ ಒಳ್ಳೆಯ ಮನೆತನದವನು, ಮುಂದೆ ಇಂಥ ಸಂಬಂಧ ದೊರೆಯದೆ ಹೋಗಬಹುದು, ತಂಗಿ ಇನ್ನೊಬ್ಬಳಿದ್ದಾಳೆ, ಎರಡು ವರ್ಷದ ಖರ್ಚಿಗೆ ಸಾಲ ಮಾಡಬೇಕು, ಮಳೆ ಕೈಕೊಟ್ಟರೆ ಆ ಸಾಲ ತೀರದು. ತಂದೆ ಎಲ್ಲವನ್ನೂ ಕೇಳಿ, "ಹೌದವಾ, ನನ್ನ ಮಾತು ಇದ," ಎಂದು ಬಹಳ ಹೊತ್ತು ಸುಮ್ಮನಿದ್ದನು. ಅನಂತರ ತಾನಾಗಿಯೇ, "ಇನ್ನ ನಿಂದು ಹೇಳು," ಎಂದನು. ಆ ಮನೆಯಲ್ಲಿ ಮಗಳಿಗೆ ಈ ಮಾತು ಸಿಕ್ಕಿದ್ದು ಅದೇ ಮೊದಲು.

ಅವಳು ಗೆದ್ದಳೇ ಎಂದು ವಾಚಕರು ಕೇಳಬಹುದು. ತಂದೆ ಪೂರ್ತಿ ಒಪ್ಪಲಿಲ್ಲ. ಪ್ರವೇಶ ಪರೀಕ್ಷೆ ಬರೆಯಲಿ, ಹಾಸ್ಟೆಲು ಸಿಕ್ಕರೆ ನೋಡೋಣ, ವರನ ಕಡೆಯವರಿಗೆ ಯುಗಾದಿಯವರೆಗೆ ತಡೆಯಿರೆಂದು ಹೇಳೋಣ ಎಂದನಂತೆ. ಅವಳೂ ಒಂದು ಮಾತು ಬಿಟ್ಟುಕೊಟ್ಟಳು: ಹಾಸ್ಟೆಲು ಸಿಕ್ಕದಿದ್ದರೆ ಸಾಲ ಮಾಡಿಸುವುದಿಲ್ಲ, ಊರಲ್ಲಿದ್ದುಕೊಂಡೇ ಓದುವ ದಾರಿ ಹುಡುಕುತ್ತೇನೆ ಎಂದಳು. ಇದನ್ನು ಗೆಲುವೆನ್ನಬೇಕೋ ಸೋಲೆನ್ನಬೇಕೋ ನಾನರಿಯೆ. ಜಲ್ಪದಲ್ಲಿ ಗೆಲುವು-ಸೋಲುಗಳಿರುತ್ತವೆ, ವಾದದಲ್ಲಿ ಇಬ್ಬರೂ ತಾವಿದ್ದ ಜಾಗದಿಂದ ಒಂದೊಂದು ಹೆಜ್ಜೆ ಸರಿದಿರುತ್ತಾರೆ.

ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ತಿರುಳುಗನ್ನಡದ ಸೀಮೆಯನ್ನು ಗುರುತಿಸುವಾಗ ಹೆಸರಿಸುವ ನಾಲ್ಕು ಊರುಗಳಲ್ಲಿ ಕೊಪ್ಪಳ ಒಂದು, ಪುಲಿಗೆರೆ ಎಂದರೆ ಇಂದಿನ ಲಕ್ಷ್ಮೇಶ್ವರ ಇನ್ನೊಂದು. ಮುಂಡರಗಿಯ ಈ ಸೀಮೆ ಆ ಎರಡರ ನಡುವಿನದು. ಅದೇ ಗ್ರಂಥ ಈ ನಾಡಿನ ಜನರನ್ನು ಹೊಗಳುವಾಗ ಎರಡು ಶಕ್ತಿಗಳನ್ನು ಜೊತೆಯಾಗಿಯೇ ಹೇಳುತ್ತದೆ: ಔಚಿತ್ಯವರಿತು ಮಾತನಾಡುವುದು ಒಂದು, ಇತರರ ಮಾತನ್ನು ಗ್ರಹಿಸಿ ತೂಗಿ ನೋಡುವುದು ಇನ್ನೊಂದು. ಪರರ ವಿಚಾರವನ್ನು ಸೈರಿಸಿಕೊಳ್ಳುವ ಗುಣವನ್ನು ಅದು ಕಸವರ, ಎಂದರೆ ಚಿನ್ನ, ಎಂದು ಕರೆಯುತ್ತದೆ. ಈ ಪಾಠವನ್ನು ನಾನು ವರ್ಷ ವರ್ಷವೂ ಹೇಳುತ್ತ ಬಂದವನು. ಹೊಗಳಿಕೆಯ ಮೊದಲರ್ಧವನ್ನು ಮಾತ್ರ ಕಲಿಸುತ್ತಿದ್ದೆನೆಂಬುದು ತಿಳಿದದ್ದು ಈಚೆಗೆ.

ಈಗ ನಮ್ಮ ಚರ್ಚಾಕೂಟದಲ್ಲಿ ಒಂದು ಹೊಸ ನಿಯಮವಿದೆ. ಮಾತನಾಡಲು ಎದ್ದವನು ಮೊದಲು ಎದುರಾಳಿಯ ಮಾತನ್ನು ಹೇಳಬೇಕು. "ಹೌದು, ನನ್ನ ಮಾತು ಇದೇ" ಎಂದು ಎದುರಾಳಿ ಒಪ್ಪಿದ ಮೇಲೆಯೇ ತನ್ನದನ್ನು ಆರಂಭಿಸಬೇಕು. ಸಮಯ ಹೆಚ್ಚು ಹಿಡಿಯುತ್ತದೆ, ಚಪ್ಪಾಳೆ ಕಡಿಮೆ ಎಂದು ಸಹೋದ್ಯೋಗಿಗಳ ದೂರು. ಇರಬಹುದು. ಮನೆಯಲ್ಲಿ ಬೆಳಿಗ್ಗೆ ನಲ್ಲಿ ತಿರುಗಿಸಿದಾಗಲೆಲ್ಲ ಆ ಹುಡುಗಿಯ ಪ್ರಶ್ನೆ ನೆನಪಾಗುತ್ತದೆ. ಅದಕ್ಕೆ ಪೂರ್ತಿ ಉತ್ತರವನ್ನು ನಾನಿನ್ನೂ ಕೊಟ್ಟಿಲ್ಲ.